ಕಿರವತ್ತಿಯಲ್ಲಿ ನಿಲ್ಲದ ನಕ್ಷತ್ರ

ನಮಿತಾ ಹೆಗಡೆ ಶಿರಸಿಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಐವತ್ತಕ್ಕೆ ಇನ್ನೂ ಕೆಲವು ವರ್ಷ ಬಾಕಿ. ಪಾಠ ಚೆನ್ನಾಗಿ ಮಾಡುತ್ತಾಳೆ, ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ ಎಂದು ಅವಳನ್ನು ಬಲ್ಲವರು ಹೇಳುತ್ತಾರೆ. ಇಳಿದ ಮೇಲೆ ಏನಂದೆ ಎಂಬುದನ್ನೂ ಅವಳು ಮರೆತುಬಿಡುತ್ತಾಳೆ. ಕೇಳಿಸಿಕೊಂಡವರೂ ಹಾಗೆಯೇ ಮರೆಯುತ್ತಾರೆ ಎಂದು ಬಹಳ ವರ್ಷ ನಂಬಿದ್ದಳು.

ಅವಳಿಗೆ ಇದ್ದ ಗೆಳತಿ ಒಬ್ಬಳೇ, ನೀಲಾ ನಾಯ್ಕ. ಯಲ್ಲಾಪುರ ತಾಲೂಕಿನ ಕಿರವತ್ತಿಯವಳು. ಶಿರಸಿಯಲ್ಲಿ ಬಿ.ಎಸ್ಸಿ. ಓದುವಾಗ ಇಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದರು. ಒಮ್ಮೆ ಚಂದ್ರಗ್ರಹಣದ ರಾತ್ರಿ ಉಳಿದ ಹುಡುಗಿಯರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾಗ ಇವರಿಬ್ಬರು ಕಂಬಳಿ ಹೊದ್ದು ಮಾಳಿಗೆಯ ಮೇಲೆ ಕೂತಿದ್ದರು. ಅಲ್ಲಿಂದ ಶುರುವಾದ ಹುಚ್ಚು ಅದು. ಮುಂದೆ ನಮಿತಾ ಎಂ.ಎಸ್ಸಿ. ಮುಗಿಸಿ ಶಿರಸಿಯಲ್ಲೇ ಕೆಲಸಕ್ಕೆ ಸೇರಿದಳು. ಅಡಿಕೆ ಸೊಸೈಟಿಯಲ್ಲಿ ಕೆಲಸ ಮಾಡುವ ರಘುಪತಿಯನ್ನು ಮದುವೆಯಾದಳು. ನೀಲಾ ಬಿ.ಎಡ್. ಮಾಡಿ ಊರ ಹತ್ತಿರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್ ಆದಳು. ತಾಯಿ ಅನ್ನಪೂರ್ಣವ್ವ, ಅಣ್ಣ ಗಣಪ, ಅವನ ಹೆಂಡತಿ ಮಕ್ಕಳೊಂದಿಗೆ ಹೆದ್ದಾರಿಯ ಪಕ್ಕದ ಮನೆಯಲ್ಲಿದ್ದಳು. ಹಿಂದೆ ಹೊಲ, ಮುಂದೆ ಗಣಪನ ಧಾಬಾ.

ದೂರದರ್ಶಕವನ್ನು ಇಬ್ಬರೂ ಸೇರಿ ಕೊಂಡಿದ್ದರು. ಹುಬ್ಬಳ್ಳಿಯ ಒಬ್ಬ ನಿವೃತ್ತ ಎಂಜಿನಿಯರರು ಮಾರಿದ ಹಳೆಯ ಸಾಮಾನು ಅದು, ಆದರೆ ಕನ್ನಡಿ ಒಳ್ಳೆಯದಿತ್ತು. ಭೂಮಿ ತಿರುಗಿದಂತೆ ನಕ್ಷತ್ರಗಳೂ ಪಶ್ಚಿಮಕ್ಕೆ ಸರಿಯುತ್ತವಲ್ಲ, ಅವುಗಳ ಹಿಂದೆಯೇ ನಿಧಾನವಾಗಿ ತಿರುಗುವ ಮೋಟಾರಿನ ಪೀಠವೂ ಜೊತೆಗೆ ಬಂದಿತ್ತು. ಅದನ್ನು ಇಟ್ಟಿದ್ದು ಕಿರವತ್ತಿಯಲ್ಲಿ, ನೀಲಾಳ ಮನೆಯ ಆರ್‌ಸಿಸಿ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಶಿರಸಿಯಲ್ಲಿ ಯಾವ ಕಡೆ ನೋಡಿದರೂ ಮರ, ಮೋಡ. ಕಿರವತ್ತಿಯಲ್ಲಿ ಕಾಡು ಹಿಂದೆ ಸರಿದು ಬಯಲು ಶುರುವಾಗುತ್ತದೆ, ಆಕಾಶ ನೆಲದವರೆಗೂ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಕೂಡಲೇ ನಮಿತಾ ಯಲ್ಲಾಪುರದ ಬಸ್ಸು ಹತ್ತುತ್ತಿದ್ದಳು. ಅಲ್ಲಿಂದ ಹುಬ್ಬಳ್ಳಿ ಬಸ್ಸು ಹಿಡಿದು ಕಿರವತ್ತಿಯಲ್ಲಿ ಇಳಿಯುತ್ತಿದ್ದಳು. ಸೀದಾ ಅಡುಗೆಮನೆಗೆ ಹೋಗಿ ಅನ್ನಪೂರ್ಣವ್ವನ ಪಕ್ಕ ಕೂತು ರೊಟ್ಟಿ ಮುರಿಯುತ್ತಿದ್ದಳು. ನಮಿತಾಳ ಹಳೆಯ ಸ್ವೆಟರ್ ಒಂದು ಆ ಮನೆಯ ಗೂಟದಲ್ಲೇ ನೇತಾಡುತ್ತಿತ್ತು.

ಒಂದು ನವೆಂಬರಿನಲ್ಲಿ ಪುಣೆಯ ಹವ್ಯಾಸಿ ವೀಕ್ಷಕರ ಗುಂಪಿನಿಂದ ಸುದ್ದಿ ಬಂತು. ಜನವರಿ ಕೊನೆಗೆ ಒಂದು ಕ್ಷುದ್ರಗ್ರಹ ಒಂದು ನಕ್ಷತ್ರದ ಎದುರಿಗೆ ಹಾಯುತ್ತದೆ. ಅದರ ನೆರಳು ಕಿರಿದಾದ ಪಟ್ಟಿಯಾಗಿ ಭೂಮಿಯ ಮೇಲೆ ಓಡುತ್ತದೆ. ಆ ಪಟ್ಟಿ ಯಲ್ಲಾಪುರ ತಾಲೂಕಿನ ಮೇಲೆ ಬೀಳುತ್ತದೆ. ಆ ಹೊತ್ತಿಗೆ ನೆರಳಿನೊಳಗೆ ನಿಂತವರಿಗೆ ನಕ್ಷತ್ರ ಕೆಲವೇ ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದನ್ನು ವಿಡಿಯೋ ಮಾಡಿ, ಆರಿದ ಗಳಿಗೆ ಹೊತ್ತಿದ ಗಳಿಗೆ ತಪ್ಪದೆ ಗುರುತಿಸಿದರೆ ಎಲ್ಲೋ ಕಾಣದಷ್ಟು ದೂರ ಇರುವ ಆ ಬಂಡೆಯ ಗಾತ್ರವನ್ನೇ ಲೆಕ್ಕ ಹಾಕಬಹುದು. ಸುತ್ತಮುತ್ತ ದೂರದರ್ಶಕ ಇರುವವರು ಇವರಿಬ್ಬರೇ.

"ನಮ್ಮ ಮಾಳಗಿ ಮ್ಯಾಲ ನೆರಳ ಬೀಳತೈತಿ ಅಂದ್ರ ಮತ್ತೇನ ಬೇಕ!" ಎಂದು ನೀಲಾ ಫೋನಿನಲ್ಲೇ ಕುಣಿದಿದ್ದಳು.

ಆದರೆ ಪೀಠ ಕೈಕೊಟ್ಟಿತು. ಡಿಸೆಂಬರಿನಲ್ಲಿ ಕ್ಯಾಮೆರಾ ಜೋಡಿಸಿ ಪರೀಕ್ಷೆ ಮಾಡಲು ಕೂತಾಗ ನಕ್ಷತ್ರ ಲ್ಯಾಪ್‌ಟಾಪಿನ ಪರದೆಯ ನಡುವೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿ ನಿಲ್ಲುವುದು, ಆಮೇಲೆ ಮೆಲ್ಲಗೆ ಜಾರಿ ಅಂಚಿಗೆ ಹೋಗುವುದು, ಮತ್ತೆ ನಿಲ್ಲುವುದು. ಕಣ್ಣಿನಿಂದ ನೋಡುವುದಾದರೆ ಇದು ದೊಡ್ಡ ಸಂಗತಿಯಲ್ಲ, ಆಗಾಗ ಸರಿಮಾಡಿಕೊಂಡರಾಯಿತು. ವಿಡಿಯೋಕ್ಕೆ ಹಾಗಲ್ಲ. ಆರುವ ಗಳಿಗೆಯಲ್ಲೇ ನಕ್ಷತ್ರ ಪರದೆಯ ಹೊರಗಿದ್ದರೆ ಎಲ್ಲ ಮಾಡಿಯೂ ಏನೂ ಮಾಡಿದಂತಾಗುವುದಿಲ್ಲ.

ಮೊದಲು ಪೀಠದ ಅಕ್ಷ ಧ್ರುವದ ಕಡೆಗೆ ಸರಿಯಾಗಿ ತಿರುಗಿದೆಯೇ ಎಂದು ನೋಡಿದರು. ನಮ್ಮ ಕಡೆ ಧ್ರುವ ನಕ್ಷತ್ರ ಬಹಳ ಕೆಳಗೆ, ಅದೂ ಕಿರವತ್ತಿಯಲ್ಲಿ ಹುಣಸೆ ಮರದ ಹಿಂದೆ. ಹಾಗಾಗಿ ನೆತ್ತಿಯ ಹತ್ತಿರದ ಒಂದು ನಕ್ಷತ್ರ ಹಿಡಿದು, ಅದು ಉತ್ತರಕ್ಕೆ ಸರಿಯುತ್ತದೋ ದಕ್ಷಿಣಕ್ಕೋ ಎಂದು ಕಾದು, ಪೀಠವನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಕಾಯುವುದು. ಒಂದು ಶನಿವಾರ ಪೂರ್ತಿ ಇದಕ್ಕೇ ಹೋಯಿತು. ಉತ್ತರ ದಕ್ಷಿಣದ ಸರಿದಾಟ ನಿಂತಿತು, ಆದರೆ ಪಶ್ಚಿಮಕ್ಕೆ ಜಾರುವುದು ನಿಲ್ಲಲಿಲ್ಲ. ಅಂದರೆ ಮೋಟಾರೇ ಎಲ್ಲೋ ಹಿಂದೆ ಬೀಳುತ್ತಿದೆ. ಗಣಪನ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದರು. ಹೊಸ ವೈರು ಹಾಕಿದರು. ಕ್ಯಾಮೆರಾದ ಕೇಬಲ್ಲು ಎಳೆಯುತ್ತಿರಬಹುದೆಂದು ಅದನ್ನು ಸಡಿಲ ಬಿಟ್ಟು ದಾರದಿಂದ ಕಟ್ಟಿದರು. ಒಂದೊಂದು ಬದಲಾವಣೆಯ ನಂತರವೂ ಸ್ವಲ್ಪ ಹೊತ್ತು ನಕ್ಷತ್ರ ನಿಲ್ಲುತ್ತಿತ್ತು. "ಆತು, ಸಿಕ್ತು!" ಎಂದು ನೀಲಾ ಚಪ್ಪಾಳೆ ತಟ್ಟುವ ಹೊತ್ತಿಗೆ ಮತ್ತೆ ಜಾರುತ್ತಿತ್ತು.

ಮೋಟಾರಿನಿಂದ ದೊಡ್ಡ ಹಲ್ಲಿನ ಚಕ್ರಕ್ಕೆ ತಿರುಗಣೆ ಒಯ್ಯುವ ಒಂದು ಸಣ್ಣ ಸುರುಳಿ ದಂಡ ಪೀಠದ ಒಳಗಿದೆ. ಅದನ್ನು ಮಾತ್ರ ಅವರು ನೋಡಲಿಲ್ಲ. ಯಾಕೆಂದರೆ ಅದನ್ನು ನಮಿತಾ ದೀಪಾವಳಿ ರಜೆಯಲ್ಲಿ ಶಿರಸಿಗೆ ಒಯ್ದು, ಬಿಚ್ಚಿ, ಹಳೆಯ ಗ್ರೀಸು ತೊಳೆದು, ಅಲುಗಾಟ ಇರಬಾರದೆಂದು ತಿರುಪು ಬಿಗಿದು ತಂದಿದ್ದಳು. ಮನೆಯಲ್ಲಿ ಹಗಲು ಹೊತ್ತು ತಿರುಗಿಸಿ ನೋಡಿದಾಗ ಬೆಣ್ಣೆಯಂತೆ ತಿರುಗಿತ್ತು. ನೀಲಾ ಒಮ್ಮೆ ಕೇಳಿದ್ದಳು.

"ಒಳಗಿಂದ ಒಂದ್ಸಲ ನೋಡೂಣೇನ?"

"ಅದನ್ನ ನಾನೇ ಮಾಡಿದ್ದು ಮಾರಾಯ್ತಿ. ಅಲ್ಲಿ ಎಂತದೂ ಇಲ್ಲ," ಎಂದಿದ್ದಳು ನಮಿತಾ.

ನೀಲಾ ಆಮೇಲೆ ಆ ಮಾತು ಎತ್ತಲಿಲ್ಲ.

ಆ ಸಂಜೆ ಬಂತು. ಆಕಾಶ ತೊಳೆದಿಟ್ಟಂತಿತ್ತು. ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತಿಗೆ ನಕ್ಷತ್ರ ಆರುವುದಿತ್ತು. ನೀಲಾಳ ಶಾಲೆಯ ಹತ್ತನೇ ತರಗತಿಯ ಮಕ್ಕಳು, ಹೆಚ್ಚಾಗಿ ಹುಡುಗಿಯರು, ಶಾಲು ಹೊದ್ದು ಮಾಳಿಗೆಯ ಒಂದು ಮೂಲೆಯಲ್ಲಿ ಸಾಲಾಗಿ ಕೂತಿದ್ದರು. ಅವರಿಗೆ ನೀಲಾ ವಾರದಿಂದ ಈ ಕಥೆ ಹೇಳಿದ್ದಳು. ಗಣಪ ಗಿರಾಕಿಗಳಿಗೆ ಏನೋ ಸಬೂಬು ಹೇಳಿ ಧಾಬಾದ ಬೋರ್ಡಿನ ದೀಪ ಆರಿಸಿದ್ದ. ಅನ್ನಪೂರ್ಣವ್ವ ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತಿ ಎಲ್ಲರಿಗೂ ಚಹಾ ತಂದಿದ್ದಳು.

ನಕ್ಷತ್ರ ಸಿಕ್ಕಿತು, ಪರದೆಯ ನಡುವೆ ಬಂತು. ನೀಲಾ ಶಾಲೆಯ ದುರ್ಬೀನು ಹಿಡಿದು ಅದೇ ನಕ್ಷತ್ರವನ್ನು ಹುಡುಕಿ ಮಕ್ಕಳಿಗೆ ತೋರಿಸಿದಳು. ಇನ್ನೇನು ಹೊತ್ತು ಹತ್ತಿರ ಬಂತು ಎನ್ನುವಾಗ ನಕ್ಷತ್ರ ಜಾರತೊಡಗಿತು.

ನಮಿತಾ ಗುಂಡಿ ಒತ್ತಿ ಅದನ್ನು ನಡುವೆ ತಂದಳು. ಅದು ಮತ್ತೆ ಜಾರಿತು.

"ಇರಲಿ ಬಿಡ. ಹಿಂಗ ಗುಂಡಿ ಒತ್ತಿ ಒತ್ತಿ ನಡುವ ಇಟ್ಗೊಂಡ ಹೋಗೂಣ," ಎಂದಳು ನೀಲಾ. "ನೀ ಪರದೆ ನೋಡು, ನಾ ಒತ್ತತೇನಿ."

"ಹಾಗೆ ಮಾಡಿದ್ರೆ ವಿಡಿಯೋ ಅಲುಗಾಡ್ತದೆ. ಇದು ಯಾಕೆ ಹೀಗಾಗ್ತಿದೆ ಅಂತ ನೋಡ್ಬೇಕು." ನಮಿತಾ ಟಾರ್ಚಿನ ಕೆಂಪು ಬೆಳಕು ಹಿಡಿದು ಪೀಠದ ಸುತ್ತ ನೋಡಿದಳು. ದೂರದರ್ಶಕದ ಭಾರಕ್ಕೆ ಸಮತೂಕವಾಗಿ ಆಚೆ ಕಡೆ ಹಾಕಿದ ಕಬ್ಬಿಣದ ಗುಂಡು ಅವಳು ಇಟ್ಟಲ್ಲಿ ಇರಲಿಲ್ಲ. ಒಂದು ಬೆರಳಿನಷ್ಟು ಸರಿದಿತ್ತು.

"ಇದನ್ನ ಯಾರು ಸರಿಸಿದ್ದು?"

"ನಾನ. ಪೂರ್ವದ ಕಡೆ ಸ್ವಲ್ಪ ಭಾರ ಇದ್ರ ಹಲ್ಲು ಕಚ್ಚಿ ಹಿಡೀತಾವು ಅಂತ ನೀನ ಹೇಳಿದ್ದೆಲ್ಲ ಹ್ವಾದ ವರ್ಷ. ಅದಕ್ಕ ಮಧ್ಯಾಹ್ನ..."

ನಮಿತಾಳಿಗೆ ವಾರಗಟ್ಟಲೆಯ ದಣಿವು, ಕೈಜಾರುತ್ತಿರುವ ಹೊತ್ತು, ಎಲ್ಲ ಒಟ್ಟಿಗೆ ತಲೆಗೇರಿತು.

"ನೀ ಮುಟ್ಟಿದ್ದಕ್ಕೇ ಇದು ಹಾಳಾಗಿದ್ದು!" ಎಂದು ಕೂಗಿದಳು. "ಯಾರು ಮುಟ್ಟು ಅಂದಿದ್ರು ನಿಂಗೆ? ಸರಿ ಆಚೆ. ಇನ್ನು ಇದನ್ನ ಮುಟ್ಟಬೇಡ."

ಮಕ್ಕಳು ಟೀಚರ ಮುಖ ನೋಡಿದರು. ಅನ್ನಪೂರ್ಣವ್ವ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಮಾಳಿಗೆಯ ಅಂಚಿನ ಕಟ್ಟೆಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಕೆಳಗಿಳಿದಳು. ನೀಲಾ ಹಿಂದೆ ಸರಿದು ಕಟ್ಟೆಗೆ ಒರಗಿ ನಿಂತಳು.

ನಮಿತಾ ಬೆನ್ನು ಹಾಕಿ ಕೂತು ಗುಂಡಿನ ತಿರುಪು ಸಡಿಲಿಸುತ್ತಿದ್ದಳು. ತಿರುಪು ಬಿಗಿದು ತಲೆಯೆತ್ತಿ ನೋಡುವಷ್ಟರಲ್ಲಿ ಲ್ಯಾಪ್‌ಟಾಪಿನ ಗಡಿಯಾರ ಆ ಗಳಿಗೆಯನ್ನು ದಾಟಿಯಾಗಿತ್ತು. ಪರದೆಯ ಮೇಲೆ ಖಾಲಿ ಕತ್ತಲೆ ಇತ್ತು. ನಕ್ಷತ್ರ ಯಾವಾಗಲೋ ಅಂಚು ದಾಟಿ ಹೋಗಿತ್ತು.

ಆ ರಾತ್ರಿ ಅವಳಿಗೆ ಬಡಿಸಿದವಳು ನೀಲಾಳ ಅತ್ತಿಗೆ. ಎಂದಿನಂತೆ ನೀಲಾಳ ಕೋಣೆಯಲ್ಲೇ ಹಾಸಿಗೆ ಹಾಸಿತ್ತು. ನಮಿತಾ ತಪ್ಪಿದ ನಕ್ಷತ್ರದ ಬಗ್ಗೆ, ಪುಣೆಯವರಿಗೆ ಏನು ಹೇಳುವುದೆಂಬ ಬಗ್ಗೆ ಮಾತಾಡಿದಳು. ನೀಲಾ "ಹ್ಞೂಂ" ಎನ್ನುತ್ತ ಗೋಡೆಯ ಕಡೆ ತಿರುಗಿದಳು. ಬೆಳಿಗ್ಗೆ ಎದ್ದು ನೋಡಿದರೆ ದೂರದರ್ಶಕವನ್ನು ಪೆಟ್ಟಿಗೆಯಲ್ಲಿಟ್ಟು, ಪೀಠವನ್ನು ಗೋಣಿಚೀಲದಲ್ಲಿ ಸುತ್ತಿ ಹಗ್ಗ ಕಟ್ಟಿ ಜಗಲಿಯ ಮೇಲೆ ಇಟ್ಟಿತ್ತು.

"ಶಿರಸಿಗೇ ಒಯ್ಯಿ," ಎಂದಳು ನೀಲಾ. "ಅಲ್ಲೇ ಇಟ್ಗೊಂಡು ರಿಪೇರಿ ಮಾಡೂದು ಚೊಲೋ. ಗಣಪಣ್ಣಗ ಗಾಡಿಗೆ ಹೇಳೀನಿ."

ರಿಪೇರಿಗೆಂದೇ ಎಂದು ನಮಿತಾ ತಿಳಿದಳು. ಗಾಡಿ ಹೊರಡುವಾಗ "ಮುಂದಿನ ವಾರ ಫೋನ್ ಮಾಡ್ತೆ," ಎಂದು ಕೈಬೀಸಿದಳು.

ಶಿರಸಿಯ ಮನೆಯ ತಾರಸಿಯಲ್ಲಿ ಆಕಾಶ ಸಿಕ್ಕಷ್ಟು ಸಿಕ್ಕಿತು. ನಮಿತಾ ಈ ಸಲ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದಳು. ಸಮತೂಕದ ಗುಂಡನ್ನು ತನಗೆ ಸರಿಕಂಡಲ್ಲಿ ಇಟ್ಟಳು. ನಕ್ಷತ್ರ ಜಾರಿತು. ನೀಲಾ ಸರಿಸಿದಷ್ಟೇ ಸರಿಸಿದಳು. ನಕ್ಷತ್ರ ಅಷ್ಟೇ ಜಾರಿತು, ನಿಜ ಹೇಳಬೇಕೆಂದರೆ ಒಂದಿಷ್ಟು ಕಡಿಮೆಯೇ ಜಾರಿತು. ಗುಂಡಿನಿಂದ ಏನೂ ಆಗಿರಲಿಲ್ಲ.

ಹಾಗಾದರೆ ಉಳಿದದ್ದು ಒಂದೇ. ಮನಸ್ಸಿಲ್ಲದ ಮನಸ್ಸಿನಿಂದ ಪೀಠದ ಮುಚ್ಚಳ ತೆಗೆದಳು. ಸುರುಳಿ ದಂಡದ ತುದಿಗೆ ಸುಣ್ಣದ ಚುಕ್ಕೆ ಇಟ್ಟು ಮೋಟಾರು ಓಡಿಸಿ ಕಾದಳು. ದಂಡ ಒಂದು ಸುತ್ತು ಬರುವಾಗ ಚುಕ್ಕೆ ಮೇಲಕ್ಕೆ ಬಂದಲ್ಲಿ ಮೋಟಾರಿನ ದನಿ ದಪ್ಪವಾಯಿತು, ನಕ್ಷತ್ರ ಜಾರಿತು. ಚುಕ್ಕೆ ದಾಟಿದ ಮೇಲೆ ಎಲ್ಲ ಸರಿಯಾಯಿತು. ಮುಂದಿನ ಸುತ್ತಿನಲ್ಲಿ ಮತ್ತೆ ಅಲ್ಲೇ. ದಂಡ ಒಂದು ಬದಿಗೆ ಕೂದಲಿನಷ್ಟು ಡೊಂಕಾಗಿತ್ತು. ಸಡಿಲ ಇದ್ದಾಗ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವಳು ದೀಪಾವಳಿಯಲ್ಲಿ ಬಿಗಿದ ಮೇಲೆ ಡೊಂಕಿನ ಭಾಗ ಹಲ್ಲಿಗೆ ಕಚ್ಚಿಕೊಳ್ಳುತ್ತಿತ್ತು. ಸಂಜೆಯ ಚಳಿಗೆ ಗ್ರೀಸು ಗಟ್ಟಿಯಾದಾಗ ಇನ್ನೂ ಹೆಚ್ಚು. ತಿರುಪನ್ನು ಸ್ವಲ್ಪವೇ ಸ್ವಲ್ಪ ಸಡಿಲಿಸಿದಳು. ನಕ್ಷತ್ರ ಪರದೆಯ ನಡುವೆ ಮೊಳೆ ಹೊಡೆದಂತೆ ನಿಂತಿತು.

ಕೆಳಗೆ ಬಂದು ರಘುಪತಿಗೆ ಹೇಳಿದಳು. ಅವನಿಗೆ ಅಂದು ಮಾಳಿಗೆಯ ಮೇಲೆ ನಡೆದದ್ದು ಗೊತ್ತಿತ್ತು. ಅವಳೇ ಬಂದ ದಿನ ಸಿಟ್ಟಿನಲ್ಲಿ ಹೇಳಿದ್ದಳು.

"ಹಂಗಾರೆ ನೀಲಾಂದು ಎಂತೂ ತಪ್ಪಿಲ್ಲೆ ಹೇಳಾತು," ಎಂದನವ.

"ಇಲ್ಲೆ. ಬಿಗಿ ಮಾಡಿದ್ದು ಆನೇಯ," ಎಂದು ಅವಳು ತನ್ನನ್ನೇ ತೋರಿಸಿಕೊಂಡಳು.

"ಹೇಳು ಮತ್ತೆ ಅವ್ಳಿಗೆ."

ಅವಳು ಆಗಲೇ ಸಂದೇಶ ಬರೆದಳು: ದೋಷ ಸಿಕ್ಕಿತು, ಒಳಗಿನ ದಂಡದ್ದು, ಬಿಗಿದವಳು ನಾನೇ, ನಿನ್ನಿಂದ ಆದದ್ದಲ್ಲ, ಬರುವ ಶನಿವಾರ ಎಲ್ಲ ತೆಗೆದುಕೊಂಡು ಬರುತ್ತೇನೆ. ಉತ್ತರ ಮರುದಿನ ಬಂತು. "ಸಿಕ್ಕಿದ್ದು ಚೊಲೋ ಆತು. ಶನಿವಾರ ಸಾಲಿ ಕೆಲಸ ಐತಿ." ಅದರ ಮುಂದಿನ ಶನಿವಾರವೂ ಕೆಲಸವಿತ್ತು. ಆಮೇಲೆ ಪರೀಕ್ಷೆ ಬಂತು. ಫೋನು ಮಾಡಿದರೆ ನೀಲಾ ಎತ್ತುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಏನೂ ಕೇಳುತ್ತಿರಲಿಲ್ಲ.

"ತಪ್ಪು ನಂದೇ ಹೇಳಿ ಒಪ್ಪಿದ್ರೂ ಇನ್ನೂ ಎಂತಕ್ಕೆ ಹೀಂಗೆ ಮಾಡ್ತು ನೀಲಾ?" ಎಂದು ಒಂದು ದಿನ ನಮಿತಾ ಗಂಡನ ಮುಂದೆ ಗೊಣಗಿದಳು.

ರಘುಪತಿ ಹೆಚ್ಚು ಮಾತಿನವನಲ್ಲ. ಓದುತ್ತಿದ್ದ ಪೇಪರು ಮಡಿಸಿದ. "ನೀ ಟೆಲಿಸ್ಕೋಪಿನ ತಪ್ಪು ಒಪ್ಪಿದ್ದೆ. ಅವ್ಳಿಗೆ ಬೇಜಾರಾಗಿದ್ದು ಅದಕ್ಕಲ್ಲ," ಎಂದ. "ಅವ್ಳ ಮನೆ ಮೇಲೆ ನಿಂತ್ಕಂಡು, ಅವ್ಳ ಆಯಿ ಎದ್ರಿಗೆ, ಮುಟ್ಟಡ ಹೇಳಿದ್ಯಲೇ ನೀನು."

ಮುಟ್ಟಡ ಎಂಬ ಆ ಮಾತು ನಮಿತಾಳಿಗೆ ತವರಿನ ಬಾವಿಕಟ್ಟೆಯನ್ನು ನೆನಪಿಸಿತು.

ಬಿ.ಎಸ್ಸಿ.ಯ ಎರಡನೇ ವರ್ಷ ಒಂದು ರಜೆಗೆ ಅವಳು ನೀಲಾಳನ್ನು ಸಿದ್ದಾಪುರದ ಹತ್ತಿರದ ತನ್ನ ತವರಿಗೆ ಕರೆದೊಯ್ದಿದ್ದಳು. ಕೈಕಾಲು ತೊಳೆಯಲು ನೀಲಾ ಹಿತ್ತಿಲ ಬಾವಿಕಟ್ಟೆಗೆ ಹೋಗಿ ಕೊಡಪಾನಕ್ಕೆ ಕೈಹಾಕಿದಾಗ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದಳು: "ತಂಗೀ, ಆ ಕೊಡಪಾನ ಮುಟ್ಟಡ. ಆನು ಹೊಯ್ಕೊಡ್ತೆ." ಬಯ್ದ ದನಿಯಲ್ಲ, ಪ್ರೀತಿಯ ದನಿಯೇ. ನೀಲಾ ಕೈ ಹಿಂದೆಗೆದುಕೊಂಡು ಅಜ್ಜಿ ಎತ್ತರದಿಂದ ಹೊಯ್ದ ನೀರಿನಲ್ಲಿ ಕಾಲು ತೊಳೆದಳು. ಅಂದು ರಾತ್ರಿ ಅತ್ತವಳು ನಮಿತಾ. ನೀಲಾಳೇ ಅವಳನ್ನು ಸಮಾಧಾನ ಮಾಡಿದ್ದಳು. "ಮುದುಕರು, ಬಿಡ. ನೀ ಹಂಗ ಅನ್ನೂದಿಲ್ಲಲ್ಲ, ಸಾಕು," ಎಂದಿದ್ದಳು.

ಅಂದು ಮಾಳಿಗೆಯ ಮೇಲೆ ತನ್ನ ಬಾಯಿಂದ ಹೊರಟದ್ದು ಅಜ್ಜಿಯ ಮಾತೇ. ಅಜ್ಜಿ ಮೆತ್ತಗೆ ಅಂದಿದ್ದಳು, ಇವಳು ಕೂಗಿದ್ದಳು, ಅಷ್ಟೇ ವ್ಯತ್ಯಾಸ. ಅವಳು ಯಂತ್ರದ ಬಗ್ಗೆ ಅಂದದ್ದು ನಿಜ. ಆದರೆ ಸಿಟ್ಟು ಬಂದಾಗ ಬೇರೆ ನೂರು ಮಾತು ಬಿಟ್ಟು ಅದೇ ಮಾತು ಏಕೆ ಬಂತು?

"ನಾಳೆ ಕಿರವತ್ತಿಗೆ ಹೋಗ್ತೆ ಆನು," ಎಂದಳು.

"ಹೋಗು. ಮೊದ್ಲೇ ಹೋಗಕ್ಕಾಗಿತ್ತು."

ಬೇಸಿಗೆ ಶುರುವಾಗಿತ್ತು. ಧಾಬಾದ ಎದುರು ಲಾರಿಗಳು ಸಾಲಾಗಿ ನಿಂತಿದ್ದವು. ಗಣಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲಿಂದಲೇ ಕೈಮುಗಿದ. ಒಳಗೆ ಹೋದರೆ ಅನ್ನಪೂರ್ಣವ್ವ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಬರ್ರಿ ಅಕ್ಕೋರ, ಕೂಡ್ರಿ. ಅರಾಮ ಇದ್ದೀರಿಲ್ಲ?"

ಇಪ್ಪತ್ತು ವರ್ಷ "ಬಾರ ನನ ಮಗಳ" ಎನ್ನುತ್ತಿದ್ದ ಬಾಯಿ ಅದು. ಪಡಸಾಲೆಯಲ್ಲಿ ಕುರ್ಚಿ ಹಾಕಿದಳು. ಸ್ಟೀಲಿನ ತಟ್ಟೆಯಲ್ಲಿ ಅವಲಕ್ಕಿ, ಕಪ್-ಸಾಸರಿನಲ್ಲಿ ಚಹಾ ಬಂತು. ನಮಿತಾ ಅಡುಗೆಮನೆಯ ಕಡೆ ಏಳಹೋದಾಗ ಮುದುಕಿ "ಬ್ಯಾಡ್ರಿ, ಒಳಗ ಹೊಗಿ ಐತಿ, ಇಲ್ಲೇ ಕೂಡ್ರಿ," ಎಂದಳು. ಅಷ್ಟು ಮರ್ಯಾದೆ ಆ ಮನೆಯಲ್ಲಿ ನಮಿತಾಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ನೀಲಾ ಶಾಲೆಯಿಂದ ಬಂದಳು. ಇಬ್ಬರೂ ಮಾಳಿಗೆಗೆ ಹೋದರು. ದೂರದರ್ಶಕ ಇಡುತ್ತಿದ್ದ ಕೋಣೆಯಲ್ಲಿ ಈಗ ಮೆಕ್ಕೆಜೋಳದ ಚೀಲಗಳಿದ್ದವು.

"ನೀಲಾ, ಅವತ್ತು ನಾ ಅಂದಿದ್ದು ತಪ್ಪಾಯ್ತು. ನನ್ನ ಕ್ಷಮಿಸು."

"ಯಂತ್ರದ್ದು ನೀ ಆಗಲೇ ಹೇಳೀದಿ."

"ಯಂತ್ರದ್ದಲ್ಲ. ಮಾತಿಂದು."

ನೀಲಾ ಹೊಲದ ಕಡೆ ತಿರುಗಿದಳು.

"ನೀ ಬೇಕಂತ ಅಂದಿಲ್ಲ ಅನ್ನೂದು ನನಗ ಗೊತ್ತೈತಿ ನಮಿ," ಎಂದಳು. "ಬೇಕಂತ ಅಂದಿದ್ರ ಅವತ್ತ ಜಗಳಾಡಿ ಮುಗಸ್ತಿದ್ದೆ. ತಾನಾಗೇ ಬಂತಲ್ಲ ಅದು, ಅದಕ್ಕ ನಾ ಏನ್ ಮಾಡ್ಲಿ? ಯಾರ ಜೋಡಿ ಜಗಳಾಡ್ಲಿ?"

ನಮಿತಾ ಕಟ್ಟೆಯ ಮೇಲೆ ಕೂತಳು.

"ನಾ ಒಬ್ಬಾಕಿ ಇದ್ದಿದ್ರ ನುಂಗತಿದ್ದೆ. ನನ್ನ ಹುಡುಗ್ಯಾರು ಇದ್ರು. ಮರುವಾರ ಕ್ಲಾಸಿನ್ಯಾಗ ಒಬ್ಬಾಕಿ ಎದ್ದು ನಿಂತು, 'ಟೀಚರ್, ಅದನ್ನ ನಾವು ಮುಟ್ಟಬಾರದೇನ್ರಿ?' ಅಂತ ಕೇಳಿದ್ಲು. ಕ್ಯಾಮೆರಾ ಅಲುಗಾಡತಿತ್ತು, ಅದಕ್ಕ ಹಂಗ ಅಂದ್ರು ಅಂತ ನಿನ್ನ ಪರವಾಗಿ ಸುಳ್ಳು ಹೇಳಿದೆ. ಅವ್ವಗೂ ಅದನ್ನ ಹೇಳಿದೆ. ಅವ್ವ ನಂಬಲಿಲ್ಲ."

"ಆ ಹುಡುಗೀರ ಹತ್ರ ನಾನೇ ಬಂದು ಮಾತಾಡ್ತೆ. ಟೆಲಿಸ್ಕೋಪನ್ನ ನಿನ್ನ ಶಾಲೆಗೇ ಕೊಡ್ತೆ, ಅವ್ರೇ ಬಿಚ್ಲಿ, ಅವ್ರೇ ಜೋಡಿಸ್ಲಿ."

"ಬ್ಯಾಡ. ಅವರ ಪರೀಕ್ಷೆ ಮುಗದು ಹೋಗ್ಯಾರ. ಈಗ ಕೊಟ್ರ ಅದು ದಂಡ ಕಟ್ಟಿದಂಗ ಆಕ್ಕೈತಿ. ನನಗ ಅದು ಬ್ಯಾಡ." ಆಮೇಲೆ, ಹೇಳಲೋ ಬೇಡವೋ ಎಂಬಂತೆ ತಡೆದು, ನೀಲಾ ಅಂದಳು: "ನಾ ಅದನ್ನ ನೋಡಿದೆ, ಗೊತ್ತೇನ? ಅವತ್ತ, ದುರ್ಬೀನಿನ್ಯಾಗ."

"ಯಾವುದನ್ನ?"

"ನಕ್ಷತ್ರ ಆರಿದ್ದು. ಕಟ್ಟೀಗೆ ಒರಗಿ ನಿಂತಿದ್ನೆಲ್ಲ, ಸುಮ್ನ ಕಣ್ಣಿಗೆ ಹಚ್ಚಿದ್ದೆ. ಇದ್ದಕ್ಕಿದ್ದಂಗ ಆರಿತು. ಮತ್ತ ಹತ್ತಿತು. ನೀ ಬೆನ್ನ ಹಾಕಿ ಕುಂತಿದ್ದಿ. ಕರೀಬೇಕಂತ ಬಾಯಿ ತೆಗದಿದ್ದೆ." ಅವಳ ದನಿ ಕೆಳಗಿಳಿಯಿತು. "ಕರೀಲಿಲ್ಲ. ಅದೊಂದು ನನಗೂ ಚುಚ್ಚತೈತಿ ನೋಡು. ಕರದಿದ್ರ ನೋಡತಿದ್ದೆಲ್ಲ ನೀನೂ."

ನಮಿತಾ ಅಳುತ್ತಿದ್ದಳು. ನೀಲಾ ಸಮಾಧಾನ ಮಾಡಲು ಬರಲಿಲ್ಲ, ಹೋಗೆಂದೂ ಅನ್ನಲಿಲ್ಲ. ಬಸ್ಸಿನ ಹೊತ್ತಾದಾಗ ಹೆದ್ದಾರಿಯವರೆಗೆ ಬಂದಳು. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ನಮಿತಾ ಬಸ್ಸು ಹತ್ತಿ ಕೂತ ಮೇಲೆ ಅದನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ಯಲ್ಲಾಪುರ ದಾಟಿದ ಮೇಲೆ ನಮಿತಾ ಬಿಚ್ಚಿ ನೋಡಿದರೆ ಒಳಗೆ ತೊಳೆದು ಮಡಿಸಿದ ತನ್ನ ಸ್ವೆಟರ್ ಇತ್ತು.

ಮರುವರ್ಷ ನೀಲಾಳಿಗೆ ಹಳಿಯಾಳದ ಕಡೆಗೆ ವರ್ಗವಾಯಿತು. ಯುಗಾದಿಗೆ, ಸಂಕ್ರಾಂತಿಗೆ ಶುಭಾಶಯದ ಸಂದೇಶ ಬರುತ್ತದೆ, ನಮಿತಾಳೂ ಕಳಿಸುತ್ತಾಳೆ. ಜಗಳವೇ ಆಗದ ಕಾರಣ ರಾಜಿ ಮಾಡಿಕೊಳ್ಳುವುದಕ್ಕೂ ದಾರಿಯಿಲ್ಲ. ಕಾಲೇಜಿನಲ್ಲಿ ಪ್ರಯೋಗದ ತಾಸಿನಲ್ಲಿ ಯಾವುದಾದರೂ ವಿದ್ಯಾರ್ಥಿ ಉಪಕರಣ ಹಾಳು ಮಾಡಿದರೆ ನಮಿತಾ ಈಗ ತಕ್ಷಣ ಬಾಯಿ ತೆರೆಯುವುದಿಲ್ಲ. ಮೇಡಂ ಮೆತ್ತಗಾಗಿದ್ದಾರೆ ಎಂದು ಮಕ್ಕಳು ಹೇಳುತ್ತಾರೆ. ಅವರ ಮಾತು ಕಿವಿಗೆ ಬಿದ್ದಾಗ ಅವಳಿಗೆ ಖುಷಿಯೇನೂ ಆಗುವುದಿಲ್ಲ. ಇಷ್ಟು ಮೆತ್ತಗಾಗಲು ಯಾರಿಂದ ಎಷ್ಟು ಕಿತ್ತುಕೊಳ್ಳಬೇಕಾಯಿತು ಎಂಬ ಲೆಕ್ಕ ಅವಳಿಗೆ ಗೊತ್ತು.

ಕಳೆದ ಚಳಿಗಾಲದಲ್ಲಿ ಇನ್ನೊಂದು ಕ್ಷುದ್ರಗ್ರಹದ ನೆರಳು ಸಿದ್ದಾಪುರದ ಮೇಲೆ ಹಾಯುವುದೆಂದು ಪುಣೆಯವರು ತಿಳಿಸಿದರು. ನಮಿತಾ ನೀಲಾಳಿಗೆ ಫೋನು ಮಾಡಿ ಕರೆದಳು.

"ಸಾಲಿಗೆ ಇನ್ಸ್‌ಪೆಕ್ಷನ್ ಐತಿ. ಬರಾಕ ಆಗಂಗಿಲ್ಲ," ಎಂದಳು ನೀಲಾ. "ಚೊಲೋ ಆಗಲಿ."

ನಮಿತಾ ರಘುಪತಿಯನ್ನೇ ಕರೆದುಕೊಂಡು ಹೋದಳು. ಸಿದ್ದಾಪುರದ ಒಂದು ಶಾಲೆಯ ಮೈದಾನ, ಬೆಳಕು ಹರಿಯುವ ಮೊದಲಿನ ಹೊತ್ತು, ಹುಲ್ಲಿನ ಮೇಲೆ ಇಬ್ಬನಿ. ಪೀಠ ಒಂದು ಚೂರೂ ತಪ್ಪಲಿಲ್ಲ. ನಕ್ಷತ್ರ ಪರದೆಯ ನಡುವೆ ಅಲುಗಾಡದೆ ನಿಂತಿತ್ತು. ಹ್ಞಾಂ ಎನ್ನುವಷ್ಟರಲ್ಲಿ ಆರಿತು. ಕೆಲವು ಸೆಕೆಂಡು ಅದಿದ್ದಲ್ಲಿ ಏನೂ ಇರಲಿಲ್ಲ. ಮತ್ತೆ ಹೊತ್ತಿತು.

ರಘುಪತಿ ಕಾರಿನ ಬಳಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. "ಬಂತನೇ?" ಎಂದು ಅಲ್ಲಿಂದಲೇ ಕೇಳಿದ.

"ಬಂತು."

"ಒಳ್ಳೇದಾತು. ಕಾಫಿ ಕುಡಿ ಬಾ, ತಣಿತು."

ಅವಳಿಗೆ ಕೂಗಬೇಕೆನಿಸಿತು, ಯಾರದಾದರೂ ಭುಜ ಹಿಡಿದು ಅಲುಗಾಡಿಸಬೇಕೆನಿಸಿತು. ರಘುಪತಿ ಒಳ್ಳೆಯವನು, ಆದರೆ ಅವನಿಗೆ ಅದು ಹೆಂಡತಿಯ ಕೆಲಸ ಆದದ್ದರ ಸಂತೋಷ ಮಾತ್ರ. ಅವಳು ಕಾಫಿ ಕುಡಿದಳು.

ಮನೆಗೆ ಬಂದು ವಿಡಿಯೋವನ್ನು ಪುಣೆಗೆ ಕಳಿಸುವ ಮೊದಲು ನೀಲಾಳಿಗೆ ಕಳಿಸಿದಳು. ಸಂಜೆ ಉತ್ತರ ಬಂತು: "ಭಾಳ ಚಂದ ಬಂದೈತಿ. ಮಕ್ಕಳಿಗೆ ತೋರಿಸಿದೆ." ಹಿಂದಾದರೆ ನೀಲಾ ಎಷ್ಟು ಸೆಕೆಂಡು, ಬಂಡೆ ಎಷ್ಟು ದೊಡ್ಡದು, ಗಾಳಿ ಇತ್ತೇ, ಮೋಟಾರು ಹೇಗಿತ್ತು ಎಂದು ಉಸಿರು ಬಿಡದೆ ಕೇಳುತ್ತಿದ್ದಳು. ಈ ಉತ್ತರದಲ್ಲಿ ಒಂದೂ ಪ್ರಶ್ನೆ ಇರಲಿಲ್ಲ. ನಮಿತಾ ಅದನ್ನು ಎರಡು ಸಲ ಓದಿ ಫೋನು ಬದಿಗಿಟ್ಟಳು. ಒಂದು ಹಳೆಯ ಬಟ್ಟೆ ತಂದು, ಪೀಠದ ಕಾಲುಗಳಿಗೆ ಮೆತ್ತಿದ್ದ ಸಿದ್ದಾಪುರದ ಕೆಂಪು ಮಣ್ಣನ್ನು ಒರೆಸತೊಡಗಿದಳು.